ಐದು ಸಾಲು, ಅರ್ಧ ಮೀಸೆ

ಆ ಮನೆಯಲ್ಲಿ ಮೀಸೆಯ ಮಾತನ್ನು ಮೊದಲು ಎತ್ತಿದವರು ಅತ್ತೆ. ಬೆಳಗಿನ ಕಾಫಿಯ ಹೊತ್ತು. ಮಗ, ಸೊಸೆ ಇಬ್ಬರೂ ಎಂದಿನಂತೆ ವಾದಕ್ಕೆ ಇಳಿದಿದ್ದರು. ಇಬ್ಬರೂ ಒಂದೇ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಗಳು, ಇಬ್ಬರದೂ ಕ್ವಾಂಟಮ್ ಕಂಪ್ಯೂಟರಿನ ಕೆಲಸ. ಅವನು ಮೂರನೇ ಮಹಡಿಯಲ್ಲಿ ವೈಟ್‌ಬೋರ್ಡಿನ ಮುಂದೆ ನಿಂತು ಲೆಕ್ಕ ಹಾಕುವವನು. ಅವಳು ನೆಲಮಾಳಿಗೆಯ ಲ್ಯಾಬಿನಲ್ಲಿ ಯಂತ್ರವನ್ನು ಕಟ್ಟಿ ಓಡಿಸುವವಳು. ಅವನು ‘ಆಗಲ್ಲ’ ಎಂದದ್ದನ್ನು ಅವಳು ಮಾಡಿ ತೋರಿಸುವುದು, ಅವಳು ಮಾಡಿ ತೋರಿಸಿದ್ದಕ್ಕೆ ಅವನು ‘ಅದು ಹಾಗಲ್ಲ’ ಎಂದು ಮೂಗು ಮುರಿಯುವುದು ಮದುವೆಗೂ ಮುಂಚಿನಿಂದ ನಡೆದು ಬಂದ ಪದ್ಧತಿ. ಒಂದೇ ತರಗತಿಯಲ್ಲಿ ಓದಿದವರಾದ್ದರಿಂದ ಸಲಿಗೆಯೂ ಹಾಗೆಯೇ ಇತ್ತು. ಮನೆಯಲ್ಲಿ ಅವಳು ಅವನನ್ನು ‘ರೀ’ ಎನ್ನುತ್ತಿದ್ದಳು. ವಾದ ಬಿಸಿಯಾದರೆ ‘ರೀ’ ಹಾರಿಹೋಗಿ ಕಾಲೇಜಿನ ‘ನೀನು’ ಬರುತ್ತಿತ್ತು.

“ಈ ಚಿಪ್‌ನಲ್ಲಿ ಆಗಲ್ಲ ಅಂದ್ರೆ ಆಗಲ್ಲ,” ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ. “ಲೆಕ್ಕ ಅಷ್ಟು ಸ್ಪಷ್ಟವಾಗಿದೆ. ಹೊಸ ಚಿಪ್ ಬರೋವರೆಗೂ ಐದು ಸಾಲು ಮೂರು ಸಾಲನ್ನ ಸೋಲಿಸೋದಿಲ್ಲ.”

“ನಿನ್ನ ಲೆಕ್ಕ ನನ್ನ ಚಿಪ್‌ನ ಮುಖ ನೋಡಿಲ್ಲ. ಆಗತ್ತೆ.”

“ಹೇಗೆ?”

“ಹೇಗೆ ಅಂತ ಗೊತ್ತಿದ್ರೆ ಇಷ್ಟು ಹೊತ್ತಿಗೆ ಮಾಡ್ತಿರಲಿಲ್ವಾ?”

ಅತ್ತೆ ಪೇಪರನ್ನು ಮಡಚಿ ಕೆಳಗಿಟ್ಟರು. ಅವರು ಶಾಲೆಯಲ್ಲಿ ವ್ಯಾಯಾಮದ ಟೀಚರಾಗಿ ನಿವೃತ್ತರಾದವರು, ವಾಲಿಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ಊರೂರು ಸುತ್ತಿದವರು. ಮುಗಿಯದ ಆಟವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

“ಇಬ್ಬರೂ ಬರೀ ಬಾಯಲ್ಲೇ ಆಡ್ತೀರಲ್ಲ,” ಎಂದರು. “ಧೈರ್ಯ ಇದ್ರೆ ಪಂಥ ಕಟ್ಟಿ.”

“ಏನನ್ನ ಪಣಕ್ಕಿಡೋದು ಅಮ್ಮ?”

“ಮೀಸೆ ಇದೆಯಲ್ಲ.”

ಅವನ ಕೈ ತಾನಾಗಿಯೇ ಮೇಲೆ ಹೋಯಿತು. ಅದೊಂದು ನೋಡುವಂಥ ಮೀಸೆ. ಕಾಲೇಜಿನ ದಿನಗಳಿಂದ ಸಾಕಿದ್ದು, ಪ್ರತಿ ಭಾನುವಾರ ಪುಟ್ಟ ಕತ್ತರಿಯಲ್ಲಿ ಆರೈಕೆ ಮಾಡಿಸಿಕೊಂಡು ತುದಿಯಲ್ಲಿ ತುಸುವೇ ಮೇಲಕ್ಕೆ ತಿರುಗಿದ್ದು. ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ‘ಮೀಸೆ ಸರ್’ ಎಂದೇ ಕರೆಯುತ್ತಿದ್ದರು. ಆದರೆ ಅವನಿಗೆ ತನ್ನ ಲೆಕ್ಕದ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ, ಎದೆಯುಬ್ಬಿಸಿಕೊಂಡೇ ಹೇಳಿದ:

“ಆಯ್ತು. ಈ ಚಿಪ್‌ನಲ್ಲಿ ಐದು ಸಾಲು ಗೆದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ. ಅರ್ಧ! ಒಂದು ವಾರ ಹಾಗೇ ಆಫೀಸಿಗೆ ಹೋಗ್ತೀನಿ. ಇವಳು ಸೋತ್ರೆ?”

“ನಾನು ಸೋತ್ರೆ ಸೆಮಿನಾರ್‌ನಲ್ಲಿ ಎದ್ದು ನಿಂತು, ‘ನನ್ನ ಗಂಡ ಹೇಳಿದ್ದೇ ಸರಿ’ ಅಂತ ಮೂರು ಸಲ ಹೇಳ್ತೀನಿ.”

“ಮೈಕ್‌ನಲ್ಲಿ?”

ಅವಳು ಒಂದು ಗುಟುಕು ಕಾಫಿ ಕುಡಿದು ಯೋಚಿಸಿದಳು. “ಮೈಕ್‌ನಲ್ಲಿ.”

ಅವರು ಕಿತ್ತಾಡುತ್ತಿದ್ದ ಸಾಲುಗಳ ವಿಷಯ ಇಷ್ಟೇ. ಕ್ವಾಂಟಮ್ ಕಂಪ್ಯೂಟರಿನ ಪುಟ್ಟ ಘಟಕಕ್ಕೆ ಕ್ಯೂಬಿಟ್ ಅಂತ ಹೆಸರು. ಮಾಮೂಲಿ ಕಂಪ್ಯೂಟರಿನ ಬಿಟ್ ಸೊನ್ನೆ ಇಲ್ಲವೇ ಒಂದು ಆಗಿದ್ದರೆ, ಇದು ಎರಡನ್ನೂ ಒಂದು ಹದದಲ್ಲಿ ಬೆರೆಸಿಕೊಂಡು ಇರಬಲ್ಲದು. ಆದರೆ ಬಲು ನಾಜೂಕು. ಕಣ್ಣು ಮಿಟುಕಿಸುವಷ್ಟರಲ್ಲಿ ತನಗೆ ಹೇಳಿದ್ದನ್ನು ಮರೆತುಬಿಡುತ್ತದೆ. ಅದಕ್ಕೇ ಒಂದೇ ಮಾತನ್ನು ಒಂದು ದೊಡ್ಡ ಗುಂಪಿಗೆ ಹಂಚಿಕೊಡುತ್ತಾರೆ. ಗುಂಪಿನಲ್ಲಿ ಕೆಲವರು ಮಾತನ್ನು ಇಟ್ಟುಕೊಳ್ಳುವವರು, ಕೆಲವರು ಕಾವಲಿನವರು. ಕಾವಲಿನವರ ಕೆಲಸ ಅಕ್ಕಪಕ್ಕದವರನ್ನು ಮತ್ತೆ ಮತ್ತೆ ವಿಚಾರಿಸುತ್ತ, ಯಾರಾದರೂ ತಪ್ಪಿದರೆ ಸುಳಿವು ಕೊಡುವುದು. ಮೂರು ಸಾಲಿನ ಗುಂಪು ಚಿಕ್ಕದು, ಐದು ಸಾಲಿನದು ದೊಡ್ಡದು. ಗುಂಪು ದೊಡ್ಡದಾದಷ್ಟೂ ಮಾತು ಹೆಚ್ಚು ಹೊತ್ತು ಉಳಿಯಬೇಕು. ಅದು ಕನಸು. ಅವಳ ಲ್ಯಾಬಿನಲ್ಲಿ ಮಾತ್ರ ಗುಂಪು ದೊಡ್ಡದಾದಷ್ಟೂ ಗೊಂದಲವೇ ದೊಡ್ಡದಾಗಿ, ಐದು ಸಾಲಿನವರು ಮೂರು ಸಾಲಿನವರಿಗಿಂತ ಮೊದಲೇ ಎಲ್ಲವನ್ನೂ ಮರೆತು ಕೂರುತ್ತಿದ್ದರು.

ಈ ಗುಂಪೆಲ್ಲ ಇದ್ದದ್ದು ಬೆರಳುಗುರಿನಷ್ಟು ಅಗಲದ ಒಂದು ಚಿಪ್‌ನಲ್ಲಿ. ಚಿಪ್ ಇದ್ದದ್ದು ಆಳೆತ್ತರದ ಬಿಳಿ ಪೀಪಾಯಿಯಂಥ ಶೀತಯಂತ್ರದ ತಳದಲ್ಲಿ. ಒಳಗೆ ಚಿನ್ನದ ಲೇಪವಿದ್ದ ತಾಮ್ರದ ತಟ್ಟೆಗಳು ಒಂದರ ಕೆಳಗೊಂದು ತೂಗುಬಿದ್ದಿದ್ದವು, ಒಂದಕ್ಕಿಂತ ಒಂದು ತಣ್ಣಗೆ. ಕೊನೆಯ ತಟ್ಟೆಯ ಚಳಿಗೆ ಹೋಲಿಸಿದರೆ ಹಿಮಾಲಯದ ತುದಿಯೂ ಒಲೆಯ ಮುಂದಿನ ಜಾಗ. ಮೊದಮೊದಲು ಅತ್ತೆ ನೆರೆಯವರಿಗೆಲ್ಲ, “ನಮ್ಮ ಸೊಸೆ ಫ್ರಿಜ್ ಕೆಲಸ ಮಾಡ್ತಾಳೆ, ದೊಡ್ಡ ಫ್ರಿಜ್,” ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು. ಒಂದು ಸಂಜೆ ಕೆಳಗಿನ ಮನೆಯಾಕೆ ಬಂದು, “ನಮ್ಮದರಲ್ಲಿ ಐಸೇ ಕಟ್ತಿಲ್ಲ, ಸ್ವಲ್ಪ ನೋಡ್ತೀಯಾಮ್ಮ?” ಎಂದು ಕೇಳಿದರು. ಅವಳು ಸ್ಕ್ರೂಡ್ರೈವರ್ ಹಿಡಿದು ಹೋಗಿ ಸರಿಮಾಡಿಯೇ ಬಂದಳು. ಅಂದಿನಿಂದ ಆ ಕಟ್ಟಡದಲ್ಲಿ ಅವಳ ಹೆಸರು ‘ಫ್ರಿಜ್ಜಮ್ಮ’. ಅವಳಿಗೇನೂ ಬೇಸರವಿರಲಿಲ್ಲ. ಡಾಕ್ಟರೇಟಿಗಿಂತ ಆ ಬಿರುದಿಗೇ ಮರ್ಯಾದೆ ಜಾಸ್ತಿ ಸಿಗುತ್ತಿತ್ತು.

ಪಂಥ ಕಟ್ಟಿದ ದಿನದಿಂದ ಫ್ರಿಜ್ಜಮ್ಮನ ತಲೆಯಲ್ಲಿ ಬೇರೆ ಯೋಚನೆಯೇ ಇಲ್ಲ. ಲ್ಯಾಬಿನಲ್ಲಿ ಅವಳ ಜೊತೆಗಿದ್ದವರು ಇಬ್ಬರು. ಒಬ್ಬಳು ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ದಪ್ಪ ಕನ್ನಡಕವನ್ನು ಸದಾ ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದುದರಿಂದ ಎಲ್ಲರಿಗೂ ಅವಳು ‘ಚಶ್ಮಾ’. ಇನ್ನೊಬ್ಬ ಶೀತಯಂತ್ರದ ಎಂಜಿನಿಯರ್. ಪಂಪು, ಕೊಳವೆ, ಹೀಲಿಯಂ ಸಿಲಿಂಡರುಗಳ ನಡುವೆಯೇ ಬದುಕುವ ಅವನಿಗೆ ‘ಪೈಪಣ್ಣ’ ಎನ್ನದೆ ಬೇರೇನು ಅನ್ನಲಾದೀತು?

ಅವಳು ಹೊಸದೇನನ್ನೂ ಮಾಡಲು ಹೋಗಲಿಲ್ಲ. ಹಳೆಯ ಸೋಲುಗಳನ್ನೇ ಹರಡಿಕೊಂಡು ಕೂತಳು. ಯಾವ ಕ್ಯೂಬಿಟ್ ಯಾವ ಸುತ್ತಿನಲ್ಲಿ ತಪ್ಪಿತು ಎನ್ನುವುದನ್ನು ಚಿಪ್‌ನ ನಕ್ಷೆಯ ಮೇಲೆ ಕೆಂಪು ಚುಕ್ಕೆಗಳಾಗಿ ಮೂಡಿಸಿ, ಸುತ್ತಿನಿಂದ ಸುತ್ತಿಗೆ ಸಿನಿಮಾದಂತೆ ಓಡಿಸಿದಳು. ಗಂಡನ ಲೆಕ್ಕದ ಪ್ರಕಾರ ತಪ್ಪುಗಳು ಅಲ್ಲೊಂದು ಇಲ್ಲೊಂದು, ಒಂದಕ್ಕೊಂದು ಸಂಬಂಧವಿಲ್ಲದೆ ಬೀಳಬೇಕು. ಸ್ಕ್ರೀನಿನ ಮೇಲೆ ಹಾಗಿರಲಿಲ್ಲ. ಒಂದು ಚುಕ್ಕೆ ಹೊತ್ತಿಕೊಂಡರೆ ಅದರ ಆಸುಪಾಸಿನಲ್ಲೇ ಮತ್ತೆ ಮತ್ತೆ ಚುಕ್ಕೆ. ಒಂದು ಮೂಲೆಯಲ್ಲಿ ಶುರುವಾದ ಗಲಾಟೆ ಆ ಮೂಲೆಯನ್ನು ಬಿಟ್ಟು ಕದಲುತ್ತಲೇ ಇರಲಿಲ್ಲ.

“ಚಶ್ಮಾ, ಇಲ್ಲಿ ಬಾ. ಇದನ್ನ ನೋಡಿದ್ರೆ ಏನನ್ಸತ್ತೆ?”

ಹುಡುಗಿ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗಿಳಿಸಿ ನೋಡಿದಳು. “ಯಾರೋ ಒಬ್ಬ ಕೆಟ್ಟು ಕೂತು ಅಕ್ಕಪಕ್ಕದವರನ್ನೂ ಕೆಡಿಸ್ತಿರೋ ಹಾಗಿದೆ ಮೇಡಂ. ಆದ್ರೆ ಸೊನ್ನೆ ಇದ್ದದ್ದು ಒಂದಾದ್ರೆ ಕಾವಲಿನವರು ಹಿಡೀಬೇಕಲ್ವಾ?”

“ಹಿಡೀಬೇಕು. ಸೊನ್ನೆಯೂ ಅಲ್ಲದೆ ಒಂದೂ ಅಲ್ಲದೆ ಬೇರೇನೋ ಆಗಿದ್ರೆ?”

ಹೇಳುತ್ತಿದ್ದ ಹಾಗೆಯೇ ಅವಳಿಗೆ ಹೊಳೆಯಿತು. ಕ್ಯೂಬಿಟ್‌ಗೆ ಸೊನ್ನೆ ಮತ್ತು ಒಂದರ ಮೇಲೆ ಇನ್ನೊಂದು ಮೆಟ್ಟಿಲು ಇದೆ. ಅದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೆ ಅಲ್ಲಿಗೆ ಹೋಗುವವರು ಕಡಿಮೆ ಎಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಹೋಗುವವರು ಕಡಿಮೆಯೇ ಇರಬಹುದು, ಹೋದವರು ಇಳಿದು ಬರದಿದ್ದರೆ? ಅಟ್ಟ ಹತ್ತಿ ಕೂತವನನ್ನು ಕೆಳಗಿನಿಂದ ಎಷ್ಟು ವಿಚಾರಿಸಿದರೂ ಬರುವ ಉತ್ತರ ಬರೀ ತಲೆಹರಟೆ. ಗುಂಪು ದೊಡ್ಡದಾದರೆ ಅಟ್ಟ ಹತ್ತುವವರೂ ಜಾಸ್ತಿ!

ಮುಂದಿನ ಕೆಲವು ವಾರ ಅವಳೂ ಚಶ್ಮಾಳೂ ಸೇರಿ ಮೈಕ್ರೋವೇವ್ ಅಲೆಯ ಒಂದು ಚಿಕ್ಕ ತಟ್ಟನ್ನು ರೂಪಿಸಿದರು. ಪ್ರತಿ ಸುತ್ತಿನ ಕೊನೆಗೆ ಎಲ್ಲರಿಗೂ ಮೆಲ್ಲಗೆ ಒಂದು ತಟ್ಟು. ಅಟ್ಟದಲ್ಲಿದ್ದವರು ಕೆಳಗಿಳಿಯಬೇಕು, ಕೆಳಗಿದ್ದವರಿಗೆ ತಟ್ಟಿದ್ದೇ ಗೊತ್ತಾಗಬಾರದು. ಹೇಳಲು ಸುಲಭ. ಜೋರಾದರೆ ಕೆಳಗಿದ್ದವರೂ ಬೆಚ್ಚಿಬೀಳುತ್ತಿದ್ದರು, ಮೆತ್ತಗಾದರೆ ಮೇಲಿದ್ದವರು ಹಂದಾಡುತ್ತಿರಲಿಲ್ಲ. ಅಷ್ಟರಲ್ಲಿ ಪೈಪಣ್ಣನ ಒಂದು ಪಂಪು ಕೈಕೊಟ್ಟು ಎಲ್ಲ ಕೆಲಸ ನಿಂತಿತು. ಪಂಪು ಸರಿಯಾಗಿ ಅದರ ಚಿಂಯ್ಕ್ ಚಿಂಯ್ಕ್ ಸದ್ದು ಮತ್ತೆ ಕೇಳಿದಾಗ ಅವನು ಮಗುವಿನ ಅಳು ಕೇಳಿದ ಬಾಣಂತಿಯ ಗಂಡನಂತೆ ಹಲ್ಲು ಕಿರಿದ.

ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ಕೂತಾಗ, ಸ್ಕ್ರೀನಿನ ಮೇಲೆ ಎರಡು ಗೆರೆಗಳು ಮೂಡಿದವು. ಮೇಲಿದ್ದಷ್ಟೂ ತಪ್ಪು ಜಾಸ್ತಿ. ಇಷ್ಟು ವರ್ಷ ಐದು ಸಾಲಿನ ಗೆರೆ ಮೇಲೆ, ಮೂರು ಸಾಲಿನದು ಕೆಳಗೆ. ಈಗ ಐದು ಸಾಲಿನದು ಕೆಳಗಿತ್ತು.

ಚಶ್ಮಾ ಕಿಟಾರನೆ ಕಿರುಚಿದಳು. ಪಕ್ಕದ ಕೋಣೆಯಿಂದ ಪೈಪಣ್ಣ ಸ್ಪ್ಯಾನರ್ ಹಿಡಿದು ಓಡಿ ಬಂದ.

“ಏನು ಮೇಡಂ, ಎಲ್ಲಿ ಸೋರ್ತಿದೆ?”

“ಏನೂ ಸೋರ್ತಿಲ್ಲ ಪೈಪಣ್ಣ, ಮೀಸೆ ಸರ್ ಮೀಸೆ ಹೋಯ್ತು!” ಚಶ್ಮಾ ಕುಣಿಯುತ್ತಿದ್ದಳು.

ಫೋನು ಮಾಡಿದ ಕೂಡಲೇ ಗಂಡ ಮೂರನೇ ಮಹಡಿಯಿಂದ ಇಳಿದು ಬಂದ. ಬಂದವನು ಸ್ಕ್ರೀನನ್ನು ನೋಡಿದ. ಮುಂದೆ ಬಾಗಿ ನೋಡಿದ, ಹಿಂದೆ ಸರಿದು ನೋಡಿದ. ಕೆಂಪು ಚುಕ್ಕೆಗಳ ಸಿನಿಮಾವನ್ನು ಹಾಕಿಸಿ ನೋಡಿದ. ಅಟ್ಟದ ಕಥೆ ಕೇಳಿದ. ಕೊನೆಗೆ ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿ, “ಸೋತೆ ಕಣೆ,” ಎಂದ. ಮುಖ ಮಾತ್ರ ಸೋತವನ ಮುಖವಾಗಿರಲಿಲ್ಲ, ಅರಳಿಹೋಗಿತ್ತು.

ಎಲ್ಲರೂ ಫ್ರಿಜ್ಜಮ್ಮನ ಕಡೆ ತಿರುಗಿದರು. ಅವಳು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಳು.

“ತಡೀರಿ. ನೀವು ಇನ್ನೂ ಸೋತಿಲ್ಲ.”

“ಏನು?”

“ಮೂರು ಸಾಲಿನ ಗೆರೆ ನೋಡಿ. ಹೋದ ತಿಂಗಳಿಗಿಂತ ಮೇಲಿದೆ. ಈ ತಟ್ಟನ್ನ ನಾವು ಹದ ಮಾಡಿದ್ದು ದೊಡ್ಡ ಗುಂಪಿಗೆ. ಚಿಕ್ಕ ಗುಂಪಿಗೆ ಅದು ಒಗ್ಗಿಲ್ಲ, ಅದಕ್ಕೆ ಹುಷಾರು ತಪ್ಪಿದೆ. ಎದುರಾಳಿಗೆ ಜ್ವರ ಬಂದಾಗ ಗೆದ್ರೆ ಅದು ಗೆಲುವಾ?”

“ಅಷ್ಟು ಚಿಕ್ಕ ವ್ಯತ್ಯಾಸ! ಅದರಿಂದ ಏನೂ ಆಗಲ್ಲ, ನೀನು ಗೆದ್ದಿದೀಯ.”

“ಗೆದ್ದಿಲ್ಲ.”

“ಗೆದ್ದಿದೀಯ ಅಂದ್ನಲ್ಲ!”

“ನೀನು ಹೇಳಿದ ಮಾತ್ರಕ್ಕೆ ನಾನ್ಯಾಕೆ ಗೆಲ್ಲಬೇಕು?”

ಪೈಪಣ್ಣ ಸ್ಪ್ಯಾನರನ್ನು ಜೇಬಿಗಿಳಿಸಿ ಮೆಲ್ಲಗೆ ಜಾಗ ಖಾಲಿಮಾಡಿದ. ಯಾರೂ ಹೊರಗೆ ತುಟಿ ಬಿಚ್ಚಬಾರದು ಎಂದು ಅವಳು ಕಟ್ಟಪ್ಪಣೆ ಮಾಡಿದಳು. ಆದರೆ ಗಂಡನ ಬಾಯಿಗೆ ಬೀಗ ಹಾಕುವವರು ಯಾರು? ಮನೆಯ ಬಾಗಿಲು ದಾಟುತ್ತಿದ್ದಂತೆಯೇ, “ಅಮ್ಮಾ, ನಾನು ಸೋತೆ!” ಎಂದು ಕೂಗಿದ.

“ಇಲ್ಲ ಅತ್ತೆ, ಇವರು ಸೋತಿಲ್ಲ,” ಹಿಂದೆಯೇ ಬಂದ ಅವಳು ಚಪ್ಪಲಿ ಬಿಡುತ್ತ ಹೇಳಿದಳು.

ಅತ್ತೆ ಇಬ್ಬರ ಮುಖವನ್ನೂ ನೋಡಿದರು. “ಸೋತವನು ಸೋತೆ ಅಂತ ಕುಣೀತಾನೆ, ಗೆದ್ದವಳು ಗೆದ್ದಿಲ್ಲ ಅಂತ ಮುಖ ಗಂಟು ಹಾಕ್ಕೊಂಡಿದಾಳೆ. ನನ್ನ ಸರ್ವೀಸಲ್ಲೇ ಇಂಥ ಆಟ ನೋಡಿಲ್ಲ. ಏನು ಸಮಸ್ಯೆ, ನನಗೆ ಅರ್ಥವಾಗೋ ಹಾಗೆ ಹೇಳು.”

ಅವಳು ಹೇಳಿದಳು. ಅತ್ತೆ ಕೇಳಿಸಿಕೊಂಡು ತೀರ್ಪು ಕೊಟ್ಟರು: “ಚಿಕ್ಕ ತಂಡಕ್ಕೂ ಪೂರ್ತಿ ತಯಾರಿ ಮಾಡಿಸು. ಆಮೇಲೆ ಆಡ್ಸು. ಅಲ್ಲೀವರೆಗೂ ಮೀಸೆಗೆ ಯಾರೂ ಕೈ ಹಚ್ಚಬಾರದು.” ಮಗ ಏನೋ ಹೇಳಲು ಬಾಯಿ ತೆರೆದ. “ಅಂಪೈರ್ ಜೊತೆ ವಾದ ಮಾಡಿದ್ರೆ ಹೊರಗೆ ಕಳಿಸ್ತೀನಿ,” ಎಂದರು.

ಅಲ್ಲಿಂದ ಮುಂದೆ ಲ್ಯಾಬಿನಲ್ಲಿ ನಡೆದದ್ದನ್ನು ಚಶ್ಮಾ ಇವತ್ತಿಗೂ ಬಿದ್ದು ಬಿದ್ದು ನಕ್ಕು ಹೇಳುತ್ತಾಳೆ. ಮೂರನೇ ಮಹಡಿಯಿಂದ ಸುಮ್ಮನೆ ಕೆಳಗಿಳಿಯದಿದ್ದ ಮೀಸೆ ಸರ್ ದಿನವೂ ಅಂಗಿಯ ತೋಳು ಮಡಚಿಕೊಂಡು ನೆಲಮಾಳಿಗೆಗೆ ಬರತೊಡಗಿದರು. ತಾನು ಸೋತದ್ದನ್ನು ಸಾಬೀತು ಮಾಡಲು ಅವರಿಗೆ ಅಷ್ಟೊಂದು ಆತುರ. ಅವರ ಹೆಂಡತಿಯೋ, ಯಾರನ್ನು ಸೋಲಿಸಬೇಕೋ ಆ ಚಿಕ್ಕ ಗುಂಪಿಗೇ ಉಪಚಾರ ಮಾಡಲು ಟೊಂಕ ಕಟ್ಟಿ ನಿಂತಿದ್ದರು. ಮೂರು ಸಾಲಿನವರಿಗೆಂದೇ ತಟ್ಟನ್ನು ಬೇರೆ ಹದಕ್ಕೆ ತಂದರು. ಚಿಪ್‌ನ ಮೂಲೆ ಮೂಲೆಯಲ್ಲೂ ಅವರನ್ನು ಕೂರಿಸಿ ನೋಡಿ, ಎಲ್ಲಿ ಚೆನ್ನಾಗಿ ಆಡುತ್ತಾರೋ ಆ ಜಾಗವನ್ನೇ ಅವರಿಗೆ ಬಿಟ್ಟುಕೊಟ್ಟರು. ಮೂರು ಸಾಲಿನ ಗೆರೆ ದಿನದಿಂದ ದಿನಕ್ಕೆ ಕೆಳಗಿಳಿಯಿತು. ಒಂದು ದಿನ ಐದು ಸಾಲಿನದಕ್ಕೆ ಹೆಚ್ಚುಕಡಿಮೆ ಅಂಟಿಕೊಂಡೇ ನಿಂತಿತು. ಚಶ್ಮಾಳ ಮುಖ ಸಪ್ಪಗಾಯಿತು.

ಕೈಗೆ ಬಂದದ್ದನ್ನು ತಾನೇ ಕೆಡಿಸಿಕೊಂಡೆನೇ ಎಂದು ಫ್ರಿಜ್ಜಮ್ಮನಿಗೂ ಎನ್ನಿಸಿತು. ಆದರೂ ಆ ಹಳೆಯ ಗೆರೆಗಳನ್ನು ನೋಡಿ ಖುಷಿಪಡುವುದು ಅವಳಿಂದ ಆಗುತ್ತಿರಲಿಲ್ಲ. “ಇನ್ನು ದೊಡ್ಡ ತಂಡದ ಸರದಿ. ಅವರ ತಟ್ಟನ್ನೂ ಇನ್ನೊಮ್ಮೆ ಹದ ಮಾಡೋಣ,” ಎಂದು ಮತ್ತೆ ಕೂತಳು.

ಅದು ನಡೆಯುತ್ತಿದ್ದಾಗಲೇ ಅವನು ಅವಳನ್ನು ಮೂರನೇ ಮಹಡಿಗೆ ಕರೆದ. “ಸ್ವಲ್ಪ ಬಂದು ಹೋಗು” ಎಂದನೇ ಹೊರತು ಯಾಕೆ ಎಂದು ಹೇಳಲಿಲ್ಲ.

ವೈಟ್‌ಬೋರ್ಡಿನ ಮೇಲೆ ಅವನ ಹಳೆಯ ಲೆಕ್ಕವನ್ನು ಅಳಿಸಲಾಗಿತ್ತು. ಜಾಗವೆಲ್ಲ ಹೊಸದು. ಎರಡು ಮೆಟ್ಟಿಲುಗಳ ಮೇಲೆ ಮೂರನೆಯದನ್ನು ಬರೆದು, ಮೇಲೆ ಹೋಗುವವರಿಗೊಂದು ಅಕ್ಷರ, ಇಳಿಯುವವರಿಗೊಂದು ಅಕ್ಷರ ಕೊಟ್ಟು, ಅಲ್ಲಿಂದ ಹೊರಟು ಬೋರ್ಡಿನ ಬಲತುದಿಯವರೆಗೂ ಬಂದಿದ್ದ. ಕೊನೆಗೆ ಎರಡು ಗೆರೆಗಳು. ಮೂರು ಸಾಲಿನವರು ಪೂರ್ತಿ ತಯಾರಾಗಿದ್ದರೆ ಎಲ್ಲಿರಬೇಕು, ಐದು ಸಾಲಿನವರು ಎಲ್ಲಿರಬೇಕು ಎಂದು. ಐದರದು ಕೆಳಗೆ. ಅಂತರ ತೀರಾ ಚಿಕ್ಕದು, ಆದರೆ ಇತ್ತು.

“ನನ್ನ ಲೆಕ್ಕದಲ್ಲಿ ಅಟ್ಟವೇ ಇರಲಿಲ್ಲ,” ಅವನು ಹೇಳಿದ. ಬೆರಳುಗಳಿಗೆಲ್ಲ ನೀಲಿ ಶಾಯಿ ಮೆತ್ತಿತ್ತು. “ಸೇರಿಸಿದ ಮೇಲೆ ನೋಡು. ನಿನ್ನ ಮೂರು ಸಾಲಿನ ಚುಕ್ಕೆಗಳು ಈ ಗೆರೆ ಮೇಲೆ ಮುತ್ತು ಪೋಣಿಸಿದ ಹಾಗೆ ಕೂರ್ತಿವೆ. ಐದು ಸಾಲು ಹದಕ್ಕೆ ಬಂದ ಮೇಲೆ ಇಲ್ಲಿ ಬರತ್ತೆ. ಬರಲೇಬೇಕು.”

ಅವಳು ಬೋರ್ಡಿನ ಎಡತುದಿಯಿಂದ ಶುರುಮಾಡಿ ಒಂದೊಂದು ಸಾಲನ್ನೂ ಓದಿದಳು. ಎಲ್ಲೂ ಎಡವಟ್ಟಿರಲಿಲ್ಲ. ಸ್ವಂತ ಸೋಲನ್ನು ಇಷ್ಟು ಅಕ್ಕರೆಯಿಂದ ಲೆಕ್ಕ ಹಾಕಿದ ಗಂಡಸನ್ನು ಅವಳು ಕಂಡಿರಲಿಲ್ಲ.

“ಅಕ್ಷರ ಮಾತ್ರ ಕಾಗೆ ಕಾಲು,” ಎಂದಳು.

“ಅದು ಮದುವೆಗೆ ಮುಂಚೇನೇ ಗೊತ್ತಿತ್ತಲ್ಲ,” ಎಂದ.

ಎರಡು ತಂಡಗಳೂ ಪೂರ್ತಿ ತಯಾರಾಗಿ ಎದುರುಬದುರಾದದ್ದು ಒಂದು ಬೆಳಿಗ್ಗೆ. ನಾಲ್ವರೂ ಒಂದೇ ಸ್ಕ್ರೀನಿನ ಮುಂದೆ ಕೂತರು. ಚುಕ್ಕೆಗಳು ಒಂದೊಂದಾಗಿ ಮೂಡಿದವು. ಮೊದಲು ಎರಡೂ ಒಂದರ ಮೇಲೊಂದು ಬಿದ್ದು ಯಾವುದು ಯಾವುದೆಂದೇ ತಿಳಿಯಲಿಲ್ಲ. ಸುತ್ತುಗಳು ಹೆಚ್ಚಿದಂತೆ ಐದು ಸಾಲಿನದು ಕೂದಲೆಳೆಯಷ್ಟು ಕೆಳಗೆ ಸರಿಯಿತು. ಇನ್ನಷ್ಟು ಸರಿಯಿತು. ಮತ್ತೆ ಓಡಿಸಿದರು, ಅದೇ. ಎರಡರ ಜಾಗ ಬದಲಿಸಿ ಓಡಿಸಿದರು, ಅದೇ. ಅವನು ಲೆಕ್ಕ ಹಾಕಿದ್ದ ಗೆರೆಯ ಮೇಲೆಯೇ ಚುಕ್ಕೆಗಳು ಹೋಗಿ ಕೂತವು.

ಯಾರೂ ಕಿರುಚಲಿಲ್ಲ. ಚಶ್ಮಾ ಕೂಡ ಉಗುರು ಕಚ್ಚುತ್ತ ಮೇಡಂ ಮುಖವನ್ನೇ ನೋಡುತ್ತಿದ್ದಳು. ಈ ಸಲ ಇನ್ನೇನು ತಕರಾರೋ ಎಂದು.

ಅವಳು ಕುರ್ಚಿಯಿಂದ ಎದ್ದಳು. ತಕರಾರು ಹುಡುಕಿದಳು, ಸಿಗಲಿಲ್ಲ. ಕೇಬಲ್‌ಗಳ ನಡುವೆ ನೆಲದ ಮೇಲೇ ಕುಕ್ಕರಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಗತೊಡಗಿದಳು. ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಆಮೇಲೆ ಫೋನೆತ್ತಿ ಸ್ಪೀಕರ್ ಹಾಕಿದಳು.

“ಅತ್ತೆ, ಆಟ ಮುಗೀತು. ಐದು ಸಾಲು ಗೆದ್ದಿದೆ. ಈ ಸಲ ನಿಜವಾಗ್ಲೂ.”

ಆ ಕಡೆ ಏನೋ ಡ್ರಾಯರ್ ಎಳೆದ ಸದ್ದು, ತಡಕಾಡಿದ ಸದ್ದು. ನಂತರ ಲ್ಯಾಬೆಲ್ಲ ಅದುರುವ ಹಾಗೆ ಫೋನಿನೊಳಗಿಂದ ಉದ್ದನೆಯ ಒಂದು ವಿಸಿಲ್! ಪೈಪಣ್ಣ ಅಭ್ಯಾಸಬಲದಿಂದ ಹೀಲಿಯಂ ಮೀಟರಿನ ಕಡೆ ಓಡಿದ. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಕಿರುಚಾಟವನ್ನು ಚಶ್ಮಾ ಆಗ ಹೊರಗೆ ಬಿಟ್ಟಳು.

ಮರುದಿನ ಬೆಳಿಗ್ಗೆ ಬಚ್ಚಲಮನೆಯ ಕನ್ನಡಿಯ ಮುಂದೆ ಶಾಸ್ತ್ರೋಕ್ತವಾಗಿ ಕೆಲಸ ನಡೆಯಿತು. ಯಾವ ಕಡೆಯದು ಹೋಗಬೇಕೆಂದು ಅತ್ತೆ ನಾಣ್ಯ ಚಿಮ್ಮಿಸಿದರು, ಎಡಗಡೆಯದಕ್ಕೆ ಬಂತು. ಅವನು ಕಣ್ಣು ಮುಚ್ಚಿ ರೇಜರ್ ಆಡಿಸಿದ. ಬಿಸಿಲನ್ನೇ ಕಾಣದಿದ್ದ ಅರ್ಧ ತುಟಿ ಬೆಳ್ಳಗೆ ಹೊರಬಂತು. ಬಲದಿಂದ ನೋಡಿದರೆ ನ್ಯಾಯಾಧೀಶ, ಎಡದಿಂದ ನೋಡಿದರೆ ಹೋಮ್‌ವರ್ಕ್ ಮರೆತು ಬಂದ ಶಾಲೆಯ ಹುಡುಗ.

“ಹೇಗಿದೀನಿ?” ಎಂದು ಕೇಳಿದ.

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು. ಬಿಟ್ಟರೆ ಬಿದ್ದುಬಿಡುವಷ್ಟು ನಗು. “ಎಡಗಡೆಯವನನ್ನ ನಾನು ಮೊದಲನೇ ವರ್ಷದ ಕ್ಲಾಸಲ್ಲಿ ನೋಡಿದ್ದೆ,” ಎಂದಳು. “ಚೆನ್ನಾಗೇ ಇದ್ದ.”

ಅದೇ ವಾರ ಸೆಮಿನಾರ್. ಸಭಾಂಗಣ ತುಂಬಿತ್ತು. ಅರ್ಧ ಜನ ಫಲಿತಾಂಶ ಕೇಳಲು ಬಂದವರು, ಅರ್ಧ ಜನ ಅರ್ಧ ಮೀಸೆ ನೋಡಲು ಬಂದವರು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಮಗನ ಪಕ್ಕ ಕೂತಿದ್ದರು. ಅವಳನ್ನು ಪರಿಚಯಿಸಲು ಎದ್ದ ಸಂಸ್ಥೆಯ ನಿರ್ದೇಶಕರು ಎರಡು ವಾಕ್ಯ ಹೇಳುವಷ್ಟರಲ್ಲಿ ಕಣ್ಣು ಮುಂದಿನ ಸಾಲಿಗೆ ಬಿದ್ದು ಮಾತು ಮರೆತರು, ಕೆಮ್ಮಿದರು, ನೀರು ಕುಡಿದರು, “ಇನ್ನು ಅವರೇ ಹೇಳ್ತಾರೆ,” ಎಂದು ಕೂತುಬಿಟ್ಟರು.

ಅವಳು ಹೇಳಿದಳು. ಕೆಂಪು ಚುಕ್ಕೆಗಳನ್ನು ತೋರಿಸಿದಳು, ಅಟ್ಟವನ್ನು ವಿವರಿಸಿದಳು, ಮೊದಲ ಗೆಲುವು ಯಾಕೆ ಗೆಲುವಲ್ಲ ಎನ್ನುವುದನ್ನೂ ಬಿಡದೆ ಹೇಳಿದಳು. ಕೊನೆಯ ಗೆರೆಗಳು ಪರದೆಯ ಮೇಲೆ ಬಂದವು. ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಪ್ರೊಫೆಸರ್ ಎದ್ದು, “ಅಂತರ ಇಷ್ಟು ಸಣ್ಣದಿದೆಯಲ್ಲ, ಇದನ್ನ ನಂಬಬಹುದು ಅಂತ ನಿಮಗೆ ಯಾಕೆ ಅನ್ಸತ್ತೆ?” ಎಂದು ಕೇಳಿದರು.

“ಸೋಲಬೇಕಾದವರನ್ನ ಗೆಲ್ಲಿಸೋಕೆ ನಮ್ಮ ಕೈಲಾದದ್ದನ್ನೆಲ್ಲ ಮಾಡಿದ್ವಿ ಸರ್,” ಎಂದಳು. “ಆದ್ರೂ ಅವರು ಸೋತರು.”

ಆ ಹಿರಿಯರೇ ಮೊದಲು ಚಪ್ಪಾಳೆ ತಟ್ಟಿದರು. ಅತ್ತೆ ಎದ್ದು ನಿಂತು ತಟ್ಟಿದರು. ಅರ್ಥವಾಗಿದ್ದು ಅಷ್ಟಕ್ಕಷ್ಟೇ ಇದ್ದೀತು, ಆದರೆ ಪಂದ್ಯ ಯಾವಾಗ ಮುಗಿಯಿತೆನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಜೆ ಮೂವರೂ ನಡೆದುಕೊಂಡು ಬಸ್ ನಿಲ್ದಾಣದ ಕಡೆ ಹೊರಟರು. ಅಂಗಡಿಗಳ ದೀಪಗಳು ಆಗಷ್ಟೇ ಹತ್ತುತ್ತಿದ್ದವು. ಎದುರಿಗೆ ಬಂದವರು ಅವನನ್ನು ನೋಡಿ, ದಾಟಿ ಹೋಗಿ, ಮತ್ತೆ ತಿರುಗಿ ನೋಡುತ್ತಿದ್ದರು. “ನಾನು ಮೀಸೆ ಇರೋ ಕಡೆ ನಡೀತೀನಪ್ಪ,” ಎಂದು ಅತ್ತೆ ಮಗನ ಬಲಕ್ಕೆ ಬಂದರು. ಅವನು ಸಿಕ್ಕಸಿಕ್ಕವರಿಗೆಲ್ಲ ಎಡಗೆನ್ನೆ ತೋರಿಸಿಕೊಂಡು ಗತ್ತಿನಿಂದ ನಡೆದ, ಪದಕ ಗೆದ್ದು ಬಂದವನ ಹಾಗೆ.

ಅವಳು ನಾಲ್ಕು ಹೆಜ್ಜೆ ಹಿಂದೆ ಉಳಿದಿದ್ದಳು. ಔಷಧದಂಗಡಿಯ ಮುಂದೆ ಸುಮ್ಮನೆ ನಿಂತಳು. ಅವಳು ಯೋಚಿಸುತ್ತಿದ್ದದ್ದು ಚಪ್ಪಾಳೆಯನ್ನಲ್ಲ. ಒಂದು ಮಾತನ್ನು ಅಷ್ಟೊಂದು ಜನರ ಕೈಗೆ ಕೊಟ್ಟು, ಅವರೆಲ್ಲ ಸೇರಿ ಅದನ್ನು ಬೀಳದಂತೆ ಹಿಡಿದುಕೊಂಡರಲ್ಲ, ಅದು ನಡೆದೇ ನಡೆಯಿತಲ್ಲ ಎನ್ನುವುದನ್ನು.

ಅವನು ತಿರುಗಿ ನೋಡಿದ. “ಯಾಕೆ ನಿಂತೆ? ಏನಾಯ್ತು?”

“ಏನಿಲ್ಲ ರೀ. ತುಂಬ ಖುಷಿ ಆಗ್ತಿದೆ.”

ಅವನು ವಾಪಸ್ ಬಂದು ಅವಳ ಲ್ಯಾಪ್‌ಟಾಪ್ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ. ಇಬ್ಬರೂ ಅಲ್ಲೇ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತ ನಿಂತುಬಿಡುತ್ತಿದ್ದರೇನೋ. ಅಷ್ಟರಲ್ಲಿ ಅತ್ತೆಯ ದನಿ ಬೀದಿಯುದ್ದಕ್ಕೂ ಮೊಳಗಿತು.

“ಖುಷಿ ಪಡೋದನ್ನ ಬಸ್ಸಲ್ಲಿ ಕೂತು ಪಡಬಹುದು! ಬಸ್ ಬಂತು, ಓಡಿ!”

ಇಬ್ಬರೂ ಓಡಿದರು. ಅತ್ತೆ ಅವರಿಬ್ಬರಿಗಿಂತ ಮುಂದೆ ಓಡುತ್ತಿದ್ದರು.